ಹಂಚಿದವಳ ಪೆಟ್ಟಿಗೆ

ಇಸ್ಪೀಟಿನ ಎಲೆ ಹಂಚಿ, ಕೈಗೆ ಬಂದ ಆರರಲ್ಲಿ ಎರಡನ್ನು ಆರಿಸಿ ಬೋರಲು ಹಾಕಿದ ಶೈಲಶ್ರೀ, ಎಂದಿನಂತೆ ಅವನ್ನು ಆಯಿಯ ಮೊಣಕಾಲಿನ ಕಡೆಗೆ ಸರಿಸಿದಳು. ಸರಿಸಿದ್ದು ಅವಳಲ್ಲ, ಅವಳ ಬೆರಳು. ಹದಿನಾರು ವರ್ಷ ಒಂದೇ ದಿಕ್ಕಿಗೆ ಎಲೆ ತಳ್ಳಿ ರೂಢಿಯಾದ ಬೆರಳು. ಆಯಿ, ಅಂದರೆ ಅಪ್ಪನ ತಾಯಿ ಪೀರಮ್ಮ, ಬಲಗೈಯ ಪ್ಲಾಸ್ಟರಿನಿಂದಲೇ ಆ ಎಲೆಗಳನ್ನು ತಿರುಗಿ ತಳ್ಳಿದಳು. ಗಟ್ಟಿ ಕಟ್ಟು ನೆಲದ ಪರಸಿಕಲ್ಲಿಗೆ ತಾಗಿ ಕರಕ್ಕೆಂದಿತು.

"ನನ್ನ ಕಡಿ ಯಾಕ ತಳ್ತಿ? ಹಂಚಿದಾಕಿದು ಪೆಟಗಿ."

"ಪೆಟಗಿ ಯಾವತ್ತೂ ನಿಂದಲ್ಲ ಆಯಿ?"

"ನಾ ಹಂಚಿದ್ರ ನಂದು. ಇವತ್ತ ನಾ ಹಂಚೀನೇನು? ಈ ಕೈ ನೋಡು, ಬದನೀಕಾಯಿ ಆಗ್ಯಾದ."

ಶೈಲಶ್ರೀ ನಕ್ಕಳು. ಆದರೆ ಆ ಎರಡು ಎಲೆಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವಾಗ ಅಂಗಡಿಯಲ್ಲಿ ಏನನ್ನೋ ಎತ್ತಿ ಸೆರಗಿನಲ್ಲಿ ಅಡಗಿಸಿದವಳಂತೆ ಅವಳ ಕಿವಿ ಬಿಸಿಯಾಯಿತು. ಮೊನ್ನೆ ಬಚ್ಚಲ ಕಲ್ಲಿನ ಮೇಲೆ ಜಾರಿ ಆಯಿಯ ಮಣಿಕಟ್ಟು ಮುರಿದಿತ್ತು. ಮುರಿದ ಮೇಲೆ ಇದೇ ಮೊದಲ ಆಟ. ಆಯಿ ಎಡಗೈಯಿಂದ ಒಂದೊಂದೇ ಎಲೆಯನ್ನು ಪ್ಲಾಸ್ಟರಿನ ಬಾಯಿಯಲ್ಲಿ, ಬೆರಳು ಮತ್ತು ಬ್ಯಾಂಡೇಜಿನ ನಡುವಿನ ಸಂದಿಯಲ್ಲಿ ಸಿಕ್ಕಿಸಿಕೊಂಡಿದ್ದಳು. ರಾಜ, ರಾಣಿಯರು ಅವಳ ಮುರಿದ ಕೈಯೊಳಗಿಂದಲೇ ಹುಟ್ಟಿ ಬಂದವರಂತೆ ತಲೆ ಎತ್ತಿ ನಿಂತಿದ್ದರು. ಬೇರೆ ದಿನವಾಗಿದ್ದರೆ ಅದನ್ನು ನೋಡಿ ಶೈಲಶ್ರೀ ಹೊಟ್ಟೆ ಹಿಡಿದು ನಗುತ್ತಿದ್ದಳು. ಇವತ್ತು ಅವಳ ಕಣ್ಣು ಮತ್ತೆ ಮತ್ತೆ ಕಲ್ಲಿನ ಅಡಿಗೆ ಹೋಗುತ್ತಿತ್ತು. ಅಲ್ಲಿ, ಅಂಕ ಎಣಿಸುವ ಕಲ್ಲಿನ ಕೆಳಗೆ, ಮಡಚದ ಒಂದು ಬಿಳಿ ಕಾಗದದ ಅಂಚು ಕಾಣುತ್ತಿತ್ತು. ಫ್ಯಾನಿನ ಗಾಳಿಗೆ ಹಾರೀತೆಂದು ಬೆಳಿಗ್ಗೆ ಅವ್ವನೇ ಅಲ್ಲಿ ಇಟ್ಟದ್ದು. ಐದು ಗಂಟೆಯೊಳಗೆ ಅದರ ಮೇಲೆ ಶೈಲಶ್ರೀಯ ಸಹಿ ಬೀಳಬೇಕಿತ್ತು.

ಆಟದ ಹೆಸರು ಕ್ರಿಬ್ಬು. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಈಗ ಅದನ್ನು ಆಡುವವರು ಇವರಿಬ್ಬರೇ. ಒಬ್ಬೊಬ್ಬರಿಗೆ ಆರು ಎಲೆ; ನಾಲ್ಕನ್ನು ಇಟ್ಟುಕೊಂಡು ಎರಡನ್ನು ಒಗೆಯಬೇಕು. ಇಬ್ಬರೂ ಒಗೆದ ನಾಲ್ಕು ಎಲೆ ಸೇರಿ ಪೆಟ್ಟಿಗೆ. ಕಟ್ಟಿನಿಂದ ಒಂದು ಎಲೆಯನ್ನು ಕೊಯ್ದು ಮೇಲಿಟ್ಟರೆ ಅದು ಎಲ್ಲರದ್ದು. ಕೂಡಿಸಿ ಹದಿನೈದಾದರೆ ಎರಡು, ಜೋಡಿಗೆ ಎರಡು, ಸಾಲು ಬಂದರೆ ಸಾಲಿನ ಉದ್ದದಷ್ಟು. ರಾಜ ರಾಣಿ ಗುಲಾಮ ಮೂವರಿಗೂ ಹತ್ತರ ಬೆಲೆ. ಎಣಿಸಿದಷ್ಟು ತೂತು ಕಲ್ಲಿನ ಮೇಲಿನ ಕಡ್ಡಿ ಮುಂದೆ ಹೋಗಿ, ನೂರಾ ಇಪ್ಪತ್ತೊಂದನ್ನು ಮೊದಲು ಮುಟ್ಟಿದವರು ಗೆದ್ದರು. ಕೈಯ ಎಲೆಗಳ ಎಣಿಕೆ ಮುಗಿದ ಮೇಲೆ ಕೊಟ್ಟಕೊನೆಗೆ ಪೆಟ್ಟಿಗೆ ತೆರೆಯುತ್ತಾರೆ, ಅದರೊಳಗಿನದೆಲ್ಲ ಹಂಚಿದವರಿಗೆ. ಆಯಿ ಇದನ್ನು ಕಲಿತದ್ದು ರೈಲು ಇಂಜಿನ್ನಿನ ಲೋಬೋ ಡ್ರೈವರನ ಬಂಗಲೆಯಲ್ಲಿ, ಅವನ ಮಕ್ಕಳನ್ನು ಆಡಿಸುತ್ತಿದ್ದ ಕಾಲಕ್ಕೆ. ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಲೋಬೋ ಮೇಮಸಾಬಳಿಗೆ ಜೊತೆ ಬೇಕಾಗುತ್ತಿತ್ತು. ಇಂಗ್ಲಿಷಿನ ಒಂದಕ್ಷರ ಬಾರದ ಪೀರಮ್ಮ ಹದಿನೈದನ್ನು ಹಿಡಿದುಕೊಂಡದ್ದು ಬಂಗಲೆಯ ಅಡಿಗೆಯವನ ಹಿಂದಿಯಲ್ಲಿ: ಪಂದ್ರಾ ದೋ, ಪಂದ್ರಾ ಚಾರ್, ಪಂದ್ರಾ ಛೇ, ಅಂದರೆ ಮೊದಲ ಹದಿನೈದಕ್ಕೆ ಎರಡು, ಮುಂದಿನದಕ್ಕೆ ನಾಲ್ಕು, ಆಮೇಲೆ ಆರು. ಮೇಮಸಾಬ ಆಸ್ಟ್ರೇಲಿಯಾಕ್ಕೆ ಹೋಗುವಾಗ ತೇಗದ ಹಲಗೆಯನ್ನು ಒಯ್ದಳು. ಪೀರಮ್ಮ ಶಹಾಬಾದಿನ ಖಣಿಯ ಅಲ್ಲಾವುದ್ದೀನನಿಗೆ ಹೇಳಿ ಒಂದು ತುಂಡು ಪರಸಿಯ ಮೇಲೆ ತೂತು ಕೊರೆಸಿಕೊಂಡಳು. ಕಡ್ಡಿಪೆಟ್ಟಿಗೆಯ ಕಡ್ಡಿಗಳೇ ಗೂಟ.

ಅಲ್ಲಿಂದ ಇಲ್ಲಿಯವರೆಗೆ ಈ ಮನೆಯ ಕಾಯಿದೆ ಒಂದೇ: ಮನೆಯ ಹಿರಿಯಳು ಹಂಚಬೇಕು, ಪೆಟ್ಟಿಗೆ ಅವಳದ್ದು. ಮೇಮಸಾಬ ಪೀರಮ್ಮನಿಗೆ ಹಂಚುತ್ತಿದ್ದಳು, ಪೀರಮ್ಮ ಶೈಲಶ್ರೀಗೆ. ಹತ್ತನೆಯ ವಯಸ್ಸಿನಿಂದ ಶೈಲಶ್ರೀ ಕಲಿತ ವಿದ್ಯೆಯೆಂದರೆ ಇನ್ನೊಬ್ಬರ ಪೆಟ್ಟಿಗೆಗೆ ಏನನ್ನು ಹಾಕಬಾರದು ಎಂಬುದು. ಜೋಡಿ ಹಾಕಬಾರದು. ನೆರೆಹೊರೆಯ ಎಲೆ ಹಾಕಬಾರದು. ಐದನ್ನಂತೂ ಕೊರಳು ಕೊಯ್ದರೂ ಹಾಕಬಾರದು, ಐದು ಎಲ್ಲರೊಡನೆ ಕೂಡಿ ಹದಿನೈದಾಗುತ್ತದೆ. ಆರು ಎಲೆ ಬಿಚ್ಚಿದ ಕೂಡಲೇ ಅವಳ ಕಣ್ಣು ಹುಡುಕುತ್ತಿದ್ದುದು ಯಾರೊಂದಿಗೂ ಸೇರದ, ಯಾವ ಸಾಲಿಗೂ ನಿಲ್ಲದ ಒಂಟಿ ಎಲೆಗಳನ್ನು. ಅಂಥವನ್ನು ಅವಳು ಮಿಂಚಿನ ವೇಗದಲ್ಲಿ ಗುರುತಿಸುತ್ತಿದ್ದಳು. ಮದುವೆ ಮನೆಯ ಪಂಗ್ತಿಯಲ್ಲಿಯೂ, ಪ್ಲಾಟ್‌ಫಾರ್ಮಿನ ಗದ್ದಲದಲ್ಲಿಯೂ ಹಾಗೆ ಗುರುತಿಸಿಬಿಡುತ್ತಿದ್ದಳು, ಇವರು ಯಾರ ಜೊತೆಯೂ ಬಂದವರಲ್ಲ ಎಂದು.

ಆಟ ಸಾಗಿತು. ಕೊಯ್ದ ಎಲೆ ನಾಲ್ಕು ಆಗಿತ್ತು. ಆಯಿ ತನ್ನದನ್ನು ಎಣಿಸಿ ಕಡ್ಡಿ ಸರಿಸಿದಳು. ಶೈಲಶ್ರೀಯ ಕೈಯಲ್ಲಿ ಎರಡು ಐದು, ಒಂದು ಏಳು, ಒಂದು ಎಂಟು. ಏಳು ಎಂಟು ಪಂದ್ರಾ ದೋ, ಐದರ ಜೋಡಿಗೆ ಎರಡು; ಒಟ್ಟು ನಾಲ್ಕು. ಪೆಟ್ಟಿಗೆ ತೆರೆದಳು. ಆಯಿ ಹಾಕಿದ ರಾಜ, ರಾಣಿ. ತಾನು ಹಾಕಿದ ಏಳು, ಒಂಬತ್ತು. ಯಾವುದೂ ಯಾವುದಕ್ಕೂ ಕೂಡಲಿಲ್ಲ. ಸೊನ್ನೆ.

ಆಯಿ ಬಗ್ಗಿ ನೋಡಿದಳು. "ಏಳು ಇನ್ನೊಂದಿತ್ತು ನಿನ್ನ ಹಂತ್ಯಾಕ?"

"ಹೂಂ. ಎರಡು ಏಳು, ಎಂಟು, ಒಂಬತ್ತು, ಎರಡು ಐದು ಬಂದಿದ್ದು."

"ಏಳು ಏಳು ಎಂಟು ಒಂಬತ್ತು ಇಟ್ಕೊಂಡಿದ್ರ ಕೈಯಾಗ ಹನ್ನೆರಡು. ಐದೆರಡೂ ಪೆಟಗಿಗಿ ಒಗದಿದ್ರ, ನನ್ನ ರಾಜಾ ರಾಣೀನೂ ನಿನಗ ದುಡೀತಿದ್ರು, ಅಲ್ಲೊಂದು ಹತ್ತು. ಇಪ್ಪತ್ತೆರಡು ಬಿಟ್ಟು ನಾಕ ತಗೊಂಡಿ, ಖೋಡಿ."

"ಐದು ಒಗೀಬಾರದು ಅಂತ ನೀನ ಹೇಳೀಯಲ್ಲ?"

"ಯಾರ ಪೆಟಗಿಗಿ?"

ಶೈಲಶ್ರೀ ಎಲೆಗಳನ್ನು ಕೂಡಿಸಿ ಕಲಸತೊಡಗಿದಳು. ಕಲಸುವುದು ಅವಳಿಗೆ ಬರುತ್ತಿರಲಿಲ್ಲ, ಎಲೆಗಳು ಬೆರಳ ಸಂದಿಯಿಂದ ಸುರಿದು ಹೋದವು. ಹೊರಗೆ ಯಾರ್ಡಿನಲ್ಲಿ ಸಿಮೆಂಟಿನ ಖಾಲಿ ವ್ಯಾಗನ್ನುಗಳು ಒಂದಕ್ಕೊಂದು ಢಿಕ್ಕಿಯಾಗುತ್ತ ಹಿಂದಕ್ಕೆ ಹೋಗುವ ಸದ್ದು ಕೇಳಿಸಿತು, ದೂರದಿಂದ ಹತ್ತಿರಕ್ಕೆ, ಹತ್ತಿರದಿಂದ ದೂರಕ್ಕೆ, ಯಾರೋ ಬಹಳ ದೊಡ್ಡ ಎಲೆಕಟ್ಟನ್ನು ಕಲಸುತ್ತಿರುವಂತೆ. ಆ ಸದ್ದಿನಲ್ಲಿ ಎಷ್ಟು ವ್ಯಾಗನ್ನು, ಯಾವ ಲೈನಿಗೆ ಹಾಕುತ್ತಿದ್ದಾರೆ, ಅದನ್ನು ಅಪ್ಪ ಚಾಪೆಯ ಮೇಲೆ ಮಲಗಿಯೇ ಹೇಳುತ್ತಿದ್ದ. ಅವಳೂ ಹೇಳುತ್ತಿದ್ದಳು. ತಮ್ಮ ಲಕ್ಷ್ಮಿಕಾಂತ ಎಂದೂ ಹೇಳಲಿಲ್ಲ, ಅವನು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಮಲಗುವ ಹುಡುಗ. ಹೀಗೆ ಯೋಚಿಸಿದ್ದಕ್ಕೆ ಅವಳಿಗೆ ಕೂಡಲೇ ನಾಚಿಕೆಯಾಯಿತು. ಇದೇನು, ತಮ್ಮನ ವಿರುದ್ಧ ಸಾಕ್ಷಿ ಜೋಡಿಸುತ್ತ ಕೂತಿದ್ದೇನೆಯೆ?

ಕಾಗದವನ್ನು ಬರೆದವಳು ಅವಳೇ. ಸ್ಟೇಶನ್ ರೋಡಿನ ಮುನಾಫ ಚಾಚಾನ ಝೆರಾಕ್ಸ್ ಅಂಗಡಿಯಲ್ಲಿ ಅವಳ ದಿನದ ಕೆಲಸವೇ ಅದು, ಮಂದಿಯ ಅರ್ಜಿ ಟೈಪು ಮಾಡಿ ಕೊಡುವುದು. 'ನನ್ನ ತಂದೆಯವರಾದ ದಿವಂಗತ ದೇವಿಂದ್ರಪ್ಪ, ಪಾಯಿಂಟ್ಸ್‌ಮನ್, ಇವರ ಅಕಾಲಿಕ ಮರಣದ ನಿಮಿತ್ತ ಅನುಕಂಪದ ಆಧಾರದ ಮೇಲೆ ಕೊಡುವ ನೌಕರಿಯನ್ನು ನನ್ನ ತಮ್ಮನಾದ ಲಕ್ಷ್ಮಿಕಾಂತ ಇವರಿಗೆ ಕೊಡಲು ನನ್ನದು ಯಾವುದೇ ತಕರಾರು ಇರುವುದಿಲ್ಲ.' ಬೇರೆಯವರಿಗೆ ಎಷ್ಟು ಸಲ ಹೊಡೆದಿದ್ದಳೋ ಈ ಸಾಲನ್ನು, ಅಕ್ಕಂದಿರಿಗೆ, ತಂಗಿಯರಿಗೆ, ಹಿಂದೆ ಸರಿದು ನಿಂತು ಹೆಬ್ಬೆಟ್ಟು ಒರೆಸಿಕೊಳ್ಳುವ ಹೆಂಗಸರಿಗೆ. ತನ್ನದನ್ನು ಹೊಡೆಯುವಾಗಲೂ ಬೆರಳು ತಡವರಿಸಲಿಲ್ಲ. ಅಂಚು ಸರಿಮಾಡಿದಳು, ಸಾಲಿನ ನಡುವೆ ಸ್ವಲ್ಪ ಜಾಗ ಬಿಟ್ಟಳು, ಚೆಂದ ಕಾಣಲೆಂದು. ಮುನಾಫ ಚಾಚಾ ಕಾಗದ ಹೊರಬಂದಾಗ ಓದಿ, ಬಿಸಿ ಬಿಸಿಯಾಗಿದ್ದ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಇನ್ನೊಂದ ಕಾಪಿ ತೆಗೀಲೇನು ಬೇಟಿ?" ಎಂದು ಮಾತ್ರ ಕೇಳಿದ. ಆ ಮಾತಿನಲ್ಲಿ ಬೇರೇನೂ ಇರಲಿಲ್ಲ. ಆದರೂ ಅವಳು ದಾರಿಯುದ್ದಕ್ಕೂ ಅದನ್ನೇ ನೆನೆದಳು.

"ಶೈಲೂ, ಸಹಿ ಮಾಡ್ದೇನು?" ಒಳಗಿನಿಂದ ಅವ್ವ ಜಯಮಾಲಾ ಕೂಗಿದಳು. ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದಳು.

"ಪೆನ್ನ ಸಿಗವಲ್ದವ್ವ."

"ದಿನಾ ಪೆನ್ನಿನಾಗ ಕೆಲಸ ಮಾಡಾಕಿಗಿ ಪೆನ್ನ ಸಿಗವಲ್ದಂತ!"

ಅವ್ವ ಕೆಟ್ಟವಳಲ್ಲ. ಅಪ್ಪ ಸತ್ತ ಐದು ತಿಂಗಳಲ್ಲಿ ಅವಳು ಅತ್ತದ್ದು ಕಡಿಮೆ, ಸವೆದದ್ದು ಹೆಚ್ಚು. ನೌಕರಿ ಮನೆಯಲ್ಲಿ ಒಬ್ಬರಿಗಾದರೂ ಆಗದಿದ್ದರೆ ಈ ಕ್ವಾರ್ಟರ್ಸು ಬಿಡಬೇಕು. ಹೆಣ್ಣಿಗೆ ಕೊಟ್ಟರೆ ನೌಕರಿ ನಾಳೆ ಅಳಿಯನ ಮನೆಗೆ ಹೋಗುತ್ತದೆ. ಇಷ್ಟೇ ಅವಳ ಲೆಕ್ಕ, ಅದರಲ್ಲಿ ಸಿಟ್ಟೂ ಇಲ್ಲ, ಭೇದವೂ ಇಲ್ಲ, ಸಾರಿಗೆ ಉಪ್ಪು ಹಾಕಿದಷ್ಟು ಸಹಜ. ಹದಿಮೂರನೆಯ ದಿನ ಕೊಡ್ಲಿ ಊರಿನಿಂದ ಬಂದ ಸೋದರಮಾವ ಪಂಗ್ತಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ, "ನಮ್ಮ ಶೈಲೂ ಭಾಳ ಶ್ಯಾಣ್ಯಾಕಿ, ತಮ್ಮಗ ಬಿಟ್ಟುಕೊಟ್ಲು" ಎಂದಿದ್ದ. ಯಾರೂ ಅವಳನ್ನು ಇನ್ನೂ ಕೇಳಿಯೇ ಇರಲಿಲ್ಲ. ಕೈಯಲ್ಲಿ ಅನ್ನದ ಬುಟ್ಟಿ ಹಿಡಿದು ನಿಂತ ಶೈಲಶ್ರೀ ನಕ್ಕಳು. ಆ ನಗೆಯನ್ನು ಅವಳಿಗೆ ಇವತ್ತಿಗೂ ಮುಖದಿಂದ ಒರೆಸಿಕೊಳ್ಳಲು ಆಗಿಲ್ಲ. ಲಕ್ಷ್ಮಿಕಾಂತ ಒಮ್ಮೆ, ಹೊಸ ಅಂಗಿಗೆ ಅಳತೆ ಕೊಡುತ್ತ, "ಅಕ್ಕಾ, ನೀ ಬ್ಯಾಡಂದ್ರ ನಾ ಬಿಡ್ತೀನಿ ನೋಡು" ಎಂದಿದ್ದ. ಅಷ್ಟು ಹಗುರಾಗಿ ಅಂದನಲ್ಲ, ಅದಕ್ಕೇ ಅವಳಿಗೆ ಬೇಡ ಅನ್ನಲು ಆಗಲಿಲ್ಲ.

ಬೇಕು ಎಂಬ ಮಾತನ್ನು ಅವಳು ತನಗೂ ಪೂರ್ತಿ ಹೇಳಿಕೊಂಡಿರಲಿಲ್ಲ. ಬಾಗಿಲಲ್ಲಿ ನಿಂತು ಎದುರು ಮನೆಯ ಜಬೀನಾ ಡ್ಯೂಟಿಗೆ ಹೋಗುವುದನ್ನು ನೋಡುತ್ತಿದ್ದಳು, ಅಷ್ಟೇ. ಸತ್ತ ಗಂಡನ ನೌಕರಿ ಹಿಡಿದ ಜಬೀನಾ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ಬಗಲಲ್ಲಿ ಹಸಿರು ಕೆಂಪು ಬಾವುಟ ಸುತ್ತಿ ಇಟ್ಟುಕೊಂಡು, ಸಿಮೆಂಟಿನ ದೂಳು ಕೂತ ಬೇವಿನ ಮರದ ಕೆಳಗೆ ಹಾದುಹೋಗುವಾಗ ಶೈಲಶ್ರೀಗೆ ಆಯಿಯ ಕತೆಯ ಪೆಟ್ಟಿಗೆ ನೆನಪಾಗುತ್ತಿತ್ತು. ಚಿಕ್ಕಂದಿನಲ್ಲಿ ಆಯಿ ಹೇಳುತ್ತಿದ್ದ ಕತೆ: ಕಾಗಿಣಾ ಹೊಳೆಯಲ್ಲಿ ಒಂದು ಪೆಟ್ಟಿಗೆ ತೇಲಿ ಬರುತ್ತದೆ, ದಡದ ಮೇಲಿನ ಹುಡುಗಿ ಅದನ್ನು ಕೋಲಿನಿಂದ ಎಳೆಯುತ್ತಾಳೆ. ಒಳಗೇನಿತ್ತು ಎಂಬುದು ಪ್ರತಿ ಸಲವೂ ಬೇರೆ. ಒಮ್ಮೆ ಕೂಸು, ಒಮ್ಮೆ ಮಾತಾಡುವ ಮೀನು, ಒಮ್ಮೆ ಬರೇ ಒಂದು ಹಿಡಿ ಬಿಸಿ ಅನ್ನ. ಒಮ್ಮೆ ಮಾತ್ರ, ಶೈಲಶ್ರೀಗೆ ಜ್ವರ ಬಂದಿದ್ದಾಗ, ಆ ಪೆಟ್ಟಿಗೆಯೊಳಗೆ ಹುಡುಗಿಯೇ ಇದ್ದಳು. ದಡದ ಮೇಲಿದ್ದವಳೇ ಒಳಗೂ ಇದ್ದಳು. ಅದು ಹ್ಯಾಂಗ ಆಯಿ ಎಂದು ಕೇಳಿದ್ದಕ್ಕೆ ಆಯಿ ತಂಬಾಕು ಉಗುಳಿ, "ಹಂಗ ಅದು" ಎಂದಿದ್ದಳು.

ಎರಡನೆಯ ಕೈ, ಮೂರನೆಯ ಕೈ, ಹೀಗೆ ಎಂಟೊಂಬತ್ತು ಕೈ ಆದವು. ಹಂಚುತ್ತಿದ್ದವಳು ಶೈಲಶ್ರೀ, ಆದರೆ ಪ್ರತಿ ಸಲ ಎರಡು ಎಲೆ ಆರಿಸುವಾಗ ಬೆರಳು ಹಳೆಯ ದಾರಿಗೇ ಹೋಗುತ್ತಿತ್ತು. ಒಳ್ಳೆಯ ಎಲೆ ಬಿಟ್ಟುಕೊಡಲು ಭಯ. ತನಗೇ ಬಿಟ್ಟುಕೊಡುತ್ತಿದ್ದೇನೆ ಎಂದು ಬುದ್ಧಿಗೆ ಗೊತ್ತಿದ್ದರೂ ಭಯ. ಕಾಣದ ಕಡೆಗೆ ಬೋರಲು ಹಾಕಿದ್ದು ತನಗೇ ತಿರುಗಿ ಬರುತ್ತದೆಂದು ಹೇಗೆ ನಂಬುವುದು? ಅವಳು ಒಗೆದದ್ದು ಯಾವುದೂ ಇಷ್ಟು ವರ್ಷ ತಿರುಗಿ ಬಂದಿರಲಿಲ್ಲ. ಕಡ್ಡಿಗಳು ಕಲ್ಲಿನ ಮೇಲೆ ಮುಂದೆ ಮುಂದೆ ಹೋದವು, ಆಯಿಯದು ಮುಂದೆ, ಇವಳದು ಹಿಂದೆ. ಗೋಡೆಯ ಮೇಲೆ ಅಪ್ಪನ ಫೋಟೋ. ಅದರ ಕೆಳಗಿನ ಗೂಡಿನಲ್ಲಿ ಅಪ್ಪನ ಫೋನು, ಚಾರ್ಜಿಲ್ಲದೆ, ಕಪ್ಪಗೆ. ಅದನ್ನು ನೋಡಬಾರದೆಂದುಕೊಂಡಾಗಲೆಲ್ಲ ನೋಡುತ್ತಾಳೆ. ಆ ದಿನವೂ ಇದೇ ಕಲ್ಲು, ಇದೇ ಜಾಗ, ಇದೇ ಮಧ್ಯಾಹ್ನ. ಎರಡು ಗಂಟೆಯ ಡ್ಯೂಟಿಗೆ ಹೊರಟ ಅಪ್ಪ, ಕನ್ನಡಕದ ಕಾಲು ಮುರಿದಿದ್ದರಿಂದ, ಫೋನನ್ನು ಅವಳ ಮುಂದೆ ಹಿಡಿದು, "ಶೈಲವ್ವ, ಇದೇನ ಬಂದದ ಜರಾ ಓದು" ಎಂದಿದ್ದ. ಅವಳು ತಲೆ ಎತ್ತದೆ ಹೇಳಿದ್ದಳು: "ತಡೀ ಅಪ್ಪ, ಈ ಕೈ ಮುಗೀಲಿ." ಅವನು ಸ್ವಲ್ಪ ಹೊತ್ತು ನಿಂತ. ಆಮೇಲೆ ಫೋನನ್ನು ಗೂಡಿನಲ್ಲಿಟ್ಟು, "ಬಂದ ಮ್ಯಾಲ ಓದಂತಿ" ಎಂದು ಹೋದ. ನಾಲ್ಕೂವರೆಗೆ ಯಾರ್ಡಿನ ಕೋಣೆಯಲ್ಲಿ, ಬೆಂಚಿನ ಮೇಲೆ ಕೂತಲ್ಲಿಯೇ ಎದೆ ನಿಂತಿತಂತೆ. ಮೂರು ದಿನ ಬಿಟ್ಟು ಅವಳು ಆ ಸಂದೇಶ ಓದಿದಳು. ಗ್ಯಾಸ್ ಸಿಲಿಂಡರ್ ತರುವವನಿಗೆ ಹೇಳಬೇಕಾದ ನಾಲ್ಕಂಕಿ: ಎಂಟು, ಎರಡು, ಐದು, ಆರು. ಅಷ್ಟೇ. ದೊಡ್ಡದೇನಾದರೂ ಆಗಿದ್ದರೆ ಅತ್ತು ಮುಗಿಸಬಹುದಿತ್ತು. ಎಂಟು ಎರಡು ಐದು ಕೂಡಿ ಪಂದ್ರಾ ದೋ, ಆರು ಒಂಟಿ. ಐದು ತಿಂಗಳಿನಿಂದ ಅವಳ ತಲೆ ಆ ಕೈಯನ್ನು ಎಣಿಸುತ್ತಲೇ ಇದೆ, ಆ ಆರು ಯಾವುದಕ್ಕೂ ಕೂಡುವುದಿಲ್ಲ. ಅಂಥ ಮಗಳು ಈಗ ಅವನ ನೌಕರಿ ಕೇಳುವುದೆ? ಅವನು ಕೂತು ಸತ್ತ ಬೆಂಚಿನ ಮೇಲೆ ಹೋಗಿ ಕೂಡುವುದೆ?

"ಆಯಿ, ನಿನಗೊಂದು ಹೇಳ್ಲಾ?" ಎಂದಳು, ಎಲೆ ಕೂಡಿಸುತ್ತ. "ಫೋನಿನಾಗ ಈ ಆಟದ ಕಾಯಿದೆ ಓದೀನಿ ನಾ. ಹೋದ ಶ್ರಾವಣದಾಗ. ಒಮ್ಮೆ ಇವರು, ಒಮ್ಮೆ ಅವರು ಹಂಚಬೇಕಂತ. ಪೆಟಗಿ ಸರತಿ ಮ್ಯಾಲ ಹೋಗ್ತದಂತ. ಹಿರ್ಯಾರು ಕಿರ್ಯಾರು ಅಂತ ಇಲ್ಲಂತ."

ಆಯಿ ಬೆಚ್ಚಿ ಬೀಳುವಳೆಂದು ಅವಳು ಎಣಿಸಿದ್ದಳು. ಆಯಿ ಎಡಗೈಯಿಂದ ಕಣ್ಣು ಒರೆಸಿಕೊಂಡು, ಪ್ಲಾಸ್ಟರಿನೊಳಗೆ ಒಂದು ಕಡ್ಡಿ ತೂರಿಸಿ ತುರಿಸಿಕೊಂಡಳು.

"ಗೊತ್ತದ."

"ಗೊತ್ತದ ಅಂದ್ರ?"

"ಮೇಮಸಾಬಳ ತಂಗಿ ಹುಬ್ಬಳ್ಳಿಯಿಂದ ಬರ್ತಿದ್ಲು. ಅವರಿಬ್ಬರೂ ಆಡೂದು ನೋಡೀನಿ. ಒಮ್ಮೆ ಆಕಿ, ಒಮ್ಮೆ ಈಕಿ. ನನ್ನ ಕೂಡ ಆಡೂಮುಂದ ಮಾತ್ರ ಮೇಮಸಾಬ ಒಬ್ಬಾಕೀನ ಹಂಚಾಕಿ. ಏಳು ವರ್ಷ. ನಾ ಕೇಳ್ಲಿಲ್ಲ. ಕೇಳಿದ್ರ ಆಟಕ್ಕ ಕರೀತಿದ್ದಿಲ್ಲ ಅಂತ ಅಂಜಿಕಿ."

"ಮತ್ತ ನನಗ್ಯಾಕ ಹಂಗ ಮಾಡ್ದಿ?"

ಆಯಿ ಪ್ಲಾಸ್ಟರಿನೊಳಗಿನ ಕಡ್ಡಿಯನ್ನು ಹೊರಗೆಳೆದಳು. ಯಾರ್ಡಿನ ಸದ್ದು ನಿಂತಿತ್ತು. "ಒಂದೀಟು ದಿವಸ ನಾ ಹಂಚ್ತೀನಿ, ಆಮ್ಯಾಲ ಖರೇ ಹೇಳ್ತೀನಿ ಅಂತ ಶುರು ಮಾಡ್ದೆ ಯವ್ವಾ. ಪೆಟಗಿ ತೆರದಾಗ ಭಾಳ ಚೊಲೋ ಅನಸ್ತಿತ್ತು. ನೀನೂ ಒಮ್ಮೆನೂ ಕೇಳ್ಲಿಲ್ಲ ಬಿಡು. ಕೇಳಿದ್ರ ಕೊಡ್ತಿದ್ನೋ ಏನೋ. ಹಂಚು, ಹೊತ್ತಾತು."

ಶೈಲಶ್ರೀಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ, ಹಲ್ಲು ಕಿತ್ತ ಜಾಗವನ್ನು ನಾಲಿಗೆ ಮತ್ತೆ ಮತ್ತೆ ಮುಟ್ಟಿ ಬರುವಂಥ ಒಂದು ಚಡಪಡಿಕೆ. ಹಂಚಿದಳು. ಈ ಸಲ ಎಲೆಗಳು ಕೈಯಿಂದ ಜಾರಲಿಲ್ಲ. ಆಯಿಯ ಕಡ್ಡಿ ನೂರಾ ಎಂಟರಲ್ಲಿತ್ತು, ಅವಳದು ತೊಂಬತ್ತೇಳರಲ್ಲಿ. ಆರು ಎಲೆ ಬಿಚ್ಚಿ ಹಿಡಿದಳು: ಎರಡು, ಮೂರು, ಮೂರು, ನಾಲ್ಕು, ಐದು, ಆಟೀನಿನ ಗುಲಾಮ.

ಮೂರು ಮೂರು ನಾಲ್ಕು ಐದು ಇಟ್ಟುಕೊಂಡರೆ ಎರಡು ಸಾಲು, ಒಂದು ಜೋಡಿ, ನಾಲ್ಕೂ ಕೂಡಿ ಒಂದು ಹದಿನೈದು. ಹತ್ತು, ಕಣ್ಣಿಗೆ ಕಾಣುವ ಹತ್ತು, ಕೈಯೊಳಗಿನ ಹತ್ತು. ಎರಡು ಮತ್ತು ಗುಲಾಮ ಪೆಟ್ಟಿಗೆಗೆ, ನಿರುಪದ್ರವಿ ಅನಾಥರು. ಹದಿನಾರು ವರ್ಷದ ಬೆರಳು ಆಗಲೇ ಅವನ್ನು ಎಳೆಯತೊಡಗಿತ್ತು. ಆದರೆ ಎರಡು ಮೂರು ಮೂರು ನಾಲ್ಕು ಇಟ್ಟುಕೊಂಡರೆ ಕೈಯಲ್ಲಿ ಎಂಟೇ. ಆಗ ಐದು ಮತ್ತು ಗುಲಾಮ ಪೆಟ್ಟಿಗೆಗೆ ಹೋಗುತ್ತವೆ. ಅವೆರಡೂ ಸೇರಿಯೇ ಹದಿನೈದು, ಮೇಲೆ ಬರುವ ಪ್ರತಿ ರಾಜನಿಗೂ ರಾಣಿಗೂ ಐದು ಕೈಚಾಚುತ್ತದೆ. ಬಂದರೆ. ಬರದಿದ್ದರೆ ಕೈಯಲ್ಲಿದ್ದ ಐದನ್ನು ಕೈಯಾರೆ ಒಗೆದ ಹಾಗೆ. ಅವಳು ಐದನ್ನು ಎಳೆದಳು, ತಿರುಗಿ ಸಿಕ್ಕಿಸಿದಳು. ಎರಡನ್ನು ಎಳೆದಳು. ಬೆವರಿದ ಹೆಬ್ಬೆರಳಿಗೆ ಎಲೆ ಅಂಟಿಕೊಂಡಿತು. ಎದುರಿಗೆ ಆಯಿ ತನ್ನ ಎರಡನ್ನು ಆಗಲೇ ಹಾಕಿ ಕಾಯುತ್ತಿದ್ದಳು. ಕಲ್ಲಿನ ಅಡಿಯ ಕಾಗದ ಫ್ಯಾನಿನ ಗಾಳಿಗೆ ಒಂದೇ ಮೂಲೆಯಲ್ಲಿ ಪಟಪಟಿಸುತ್ತಿತ್ತು, ಕೆಳಗೆ ಸಿಕ್ಕಿಕೊಂಡ ಹಕ್ಕಿಯ ರೆಕ್ಕೆಯಂತೆ. ಇದು ನನಗೆ, ಎಂದುಕೊಂಡಳು ಶೈಲಶ್ರೀ. ತುಟಿ ಅಲುಗಿಸಿ ಅಂದುಕೊಂಡಳು, ತನ್ನ ಮಾತು ತನಗೆ ಕೇಳಲೆಂದು. ಐದನ್ನೂ ಗುಲಾಮನನ್ನೂ ಬೋರಲು ಹಾಕಿ ಆಯಿಯ ಎರಡರ ಜೊತೆ ಕೂಡಿಸಿ, ಕಲ್ಲಿನ ಮೇಲೆ, ತನ್ನ ಕಡೆಗೆ, ಇಟ್ಟುಕೊಂಡಳು.

ಕೊಯ್ದ ಎಲೆ ಕಳಾವರದ ರಾಣಿ. ಎಣಿಕೆಗೆ ಮೊದಲು ಒಬ್ಬರಾದ ಮೇಲೊಬ್ಬರು ಎಲೆ ಇಳಿಸುವ ಆಟದಲ್ಲಿ ಶೈಲಶ್ರೀಗೆ ಎರಡು ಅಂಕ ಸಿಕ್ಕವು, ತೊಂಬತ್ತೊಂಬತ್ತು. ಆಯಿ ಮೊದಲು ಎಣಿಸಿದಳು. ಅವಳ ಕಡ್ಡಿ ನೂರಾ ಹದಿನೇಳಕ್ಕೆ ಹೋಗಿ ನಿಂತಿತು. ಇನ್ನು ನಾಲ್ಕು. ಶೈಲಶ್ರೀ ತನ್ನ ನಾಲ್ಕು ಎಲೆಗಳನ್ನು ಹರಡಿದಳು. ಕೈಯಲ್ಲಿದ್ದ ಎಂಟು, ರಾಣಿಗೆ ಎರಡು ಮೂರು ಕೂಡಿ ಪಂದ್ರಾ, ಇನ್ನೊಂದು ಮೂರರೊಡನೆ ಮತ್ತೊಂದು ಪಂದ್ರಾ. ಹನ್ನೆರಡು. ನೂರಾ ಹನ್ನೊಂದು. ಪೆಟ್ಟಿಗೆಯ ಮೇಲೆ ಕೈ ಇಟ್ಟಳು. ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು.

ಲಕ್ಷ್ಮಿಕಾಂತ ಹೊಸ ಬಿಳಿ ಅಂಗಿ ತೊಟ್ಟಿದ್ದ. ಅವನ ಹಿಂದಿನಿಂದ ಇಳಿದವನು ರೈಲ್ವೆಯ ವೆಲ್ಫೇರ್ ಇನ್ಸ್‌ಪೆಕ್ಟರ್ ಅಮರನಾಥ, ಬಿಸಿಲಿಗೆ ಕೆಂಪಾದ, ಒಳ್ಳೆಯ ಮುಖದ ಮನುಷ್ಯ. ಅವ್ವ ಸೆರಗು ಸರಿಮಾಡಿಕೊಂಡು, ಕೈಯಲ್ಲಿ ಮೊರ ಹಿಡಿದೇ ಹೊರಬಂದಳು. "ಬರ್ರಿ ಸರ್, ಕುಂದ್ರಿ. ಕಾಂತಾ, ನೀರ ಕೊಡು."

"ಕುಂದ್ರೂದಿಲ್ರಿ ತಾಯಿ, ಐದೂವರಿ ಗಾಡಿ ಹಿಡೀಬೇಕು. ಮಗಳದು ಒಂದ ಕಾಗದ ಬಾಕಿ ಇತ್ತಲ್ರಿ, ಅದೊಂದ ಕೊಟ್ಟಬಿಡ್ರಿ."

"ಶೈಲೂ, ಏಳು. ಆ ಕಲ್ಲು ಎತ್ತು," ಎಂದಳು ಅವ್ವ.

ಎಲ್ಲರೂ ಕಲ್ಲನ್ನು ನೋಡಿದರು. ಎತ್ತಿದರೆ ಕಡ್ಡಿಗಳು ಬೀಳುತ್ತವೆ, ಬೋರಲು ಬಿದ್ದ ನಾಲ್ಕು ಎಲೆ ನೆಲಕ್ಕೆ ಸುರಿಯುತ್ತವೆ. ಎದ್ದರೆ ಮುಗಿಯಿತು, ಎಷ್ಟು ಸುಲಭ. ಅವಳ ಮುಖದ ಮೇಲೆ ಆ ಹದಿಮೂರನೆಯ ದಿನದ ನಗೆ ತಾನಾಗಿಯೇ ಮೂಡಿ ಬರುತ್ತಿರುವುದು ಅವಳಿಗೆ ಗೊತ್ತಾಯಿತು. ಕೆನ್ನೆಯ ಮಾಂಸ ಎಳೆಯುತ್ತಿತ್ತು.

"ತಡೀರಿ," ಎಂದಳು. "ಈ ಕೈ ಮುಗೀಲಿ."

ಮಾತು ಹೊರಬಿದ್ದ ಮೇಲೆ ಕೇಳಿಸಿತು ಅವಳಿಗೆ. ಅದೇ ಮಾತು, ಅದೇ ಜಾಗದಲ್ಲಿ ಕೂತು. ಗೂಡಿನೊಳಗಿನ ಕಪ್ಪು ಫೋನನ್ನು ನೋಡಿದಳು. ಏನೂ ಆಗಲಿಲ್ಲ. ಅವ್ವನ ಮೊರದಲ್ಲಿ ಬೇಳೆ ಒಮ್ಮೆ ಸರಿದು ನಿಂತಿತು. ಇನ್ಸ್‌ಪೆಕ್ಟರ್ ನೀರಿನ ಲೋಟ ಬಾಯಿಗೆ ಒಯ್ದವನು ಹಾಗೇ ಹಿಡಿದ. ಶೈಲಶ್ರೀ ಪೆಟ್ಟಿಗೆ ತೆರೆದಳು, ಒಂದೊಂದಾಗಿ. ಐದು. ಗುಲಾಮ. ಆಯಿಯ ರಾಜ. ಆಯಿಯ ಒಂಬತ್ತು. ಮೇಲೆ ರಾಣಿ.

"ಎಣಸು," ಎಂದಳು ಆಯಿ, ಮನೆಯಲ್ಲಿ ಬೇರೆ ಯಾರೂ ಇಲ್ಲವೆಂಬಂತೆ.

"ಐದು ಗುಲಾಮ ಪಂದ್ರಾ ದೋ. ಐದು ರಾಣಿ ಪಂದ್ರಾ ಚಾರ್. ಐದು ರಾಜಾ ಪಂದ್ರಾ ಛೇ." ಅವಳು ಮೂರು ಚಿತ್ರದೆಲೆಗಳನ್ನು ಒಂದೆಡೆ ಸರಿಸಿದಳು. "ಗುಲಾಮ ರಾಣಿ ರಾಜಾ, ಸಾಲು ಮೂರು. ಒಂಬತ್ತು." ಗುಲಾಮ ಕಳಾವರದವನಾಗಿದ್ದರೆ ಕೊಯ್ದ ರಾಣಿಯ ಬಣ್ಣಕ್ಕೆ ಕೂಡಿ ಇನ್ನೊಂದು ಅಂಕ ಸಿಗುತ್ತಿತ್ತು. ಅವನು ಆಟೀನಿನವನು. ಆಮೇಲೆ ಅದೇ ದನಿಯಲ್ಲಿ, ಎಣಿಕೆ ಮುಂದುವರಿಸಿದವಳಂತೆ ಹೇಳಿದಳು: "ಸರ್, ಆ ಕಾಗದಕ್ಕ ನಾ ಸಹಿ ಮಾಡಂಗಿಲ್ರಿ. ನಂದು ತಕರಾರು ಅದ. ಅಪ್ಪನ ನೌಕರಿ ನನಗ ಬೇಕು."

ಅಮರನಾಥ ಲೋಟ ಕೆಳಗಿಟ್ಟ. "ಇಬ್ಬರ ಹೆಸರ ಹಾಕ್ಲಿಕ್ಕ ಬರೂದಿಲ್ಲಮ್ಮ. ಮನಿಯವರು ಕೂಡಿ ಒಬ್ಬರದ ಹೇಳಬೇಕು."

"ಹಂಗಾದ್ರ ಕೂಡಿ ಹೇಳೂತನಕ ಆ ಕಾಗದ ಇಲ್ರಿ."

"ಶೈಲೂ!" ಅವ್ವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ತನ್ನ ಮನೆಯಲ್ಲಿ ತನಗೆ ಗೊತ್ತಿಲ್ಲದ ಬಾಗಿಲೊಂದು ಕಂಡವಳ ದಿಗಿಲಿತ್ತು. ಲಕ್ಷ್ಮಿಕಾಂತ ಇನ್ಸ್‌ಪೆಕ್ಟರನ ಬ್ಯಾಗನ್ನು ಎದೆಗೆ ಅವುಚಿ ನಿಂತಿದ್ದ. "ಅಕ್ಕಾ, ನೀ ಆವತ್ತ ಮಾಮಾ ಅಂದಾಗ ನಕ್ಕಿದ್ದಿ ಅಲ್ಲ?"

"ನಕ್ಕಿದ್ದೆ," ಎಂದಳು ಶೈಲಶ್ರೀ. ತಮ್ಮನ ಅಂಗಿಯ ಕಾಲರಿನಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಎದ್ದು ಹೋಗಿ ಕೀಳಬೇಕೆನಿಸಿತು, ಎದ್ದರೆ ಕಾಗದ ಕೊಟ್ಟುಬಿಡುತ್ತೇನೆಂದು ಹೆದರಿ ಕೂತೇ ಇದ್ದಳು.

ಸೋಮವಾರ ಬರುತ್ತೇನೆ, ಅಷ್ಟರಲ್ಲಿ ಮಾತಾಡಿಕೊಳ್ಳಿರಿ ಎಂದು ಅಮರನಾಥ ಹೊರಟ. ಲಕ್ಷ್ಮಿಕಾಂತನ ಬೈಕು ಎರಡು ಸಲ ಕೆಮ್ಮಿ ಹತ್ತಿತು. ಅವ್ವ ಮೊರ ಹಿಡಿದು ಒಳಗೆ ಹೋದಳು. ಬೇಳೆ ಕೇರುವ ಸದ್ದು ಬರಲಿಲ್ಲ. ಸೋಮವಾರಕ್ಕೆ ನಾಲ್ಕು ದಿನ. ಆ ನಾಲ್ಕೂ ದಿನ ಈ ಮನೆಯಲ್ಲಿ ಉಣ್ಣಬೇಕು, ಈ ಮೌನದ ಪಕ್ಕದಲ್ಲಿ ಮಲಗಬೇಕು.

ಆಯಿ ಎಡಗೈ ಚಾಚಿ, ತನ್ನದಲ್ಲ, ಶೈಲಶ್ರೀಯ ಕಡ್ಡಿಯನ್ನು ಕಿತ್ತಳು. ಒಂದೊಂದೇ ತೂತು ಮುಟ್ಟಿಸುತ್ತ, ಒಂದು, ಎರಡು, ಎಂದು ಬಾಯಲ್ಲಿ ಎಣಿಸುತ್ತ, ಒಂಬತ್ತನೆಯದರಲ್ಲಿ ಊರಿದಳು. ನೂರಾ ಇಪ್ಪತ್ತು. ಮುಂದೆ ಒಂದೇ ಒಂದು ತೂತು ಖಾಲಿ ಉಳಿದಿತ್ತು.

"ಒಂದ ಉಳೀತಲ್ಲ ಆಯಿ."

"ಉಳೀಲಿ," ಎಂದಳು ಆಯಿ, ಎಲೆಗಳನ್ನೆಲ್ಲ ಪ್ಲಾಸ್ಟರಿನಿಂದ ಗುಡಿಸಿ ಅವಳ ಮುಂದೆ ತಳ್ಳುತ್ತ. "ಹಂಚು."